ಬೋಯಿಂಗ್ ಮಾರಿದ್ದು 24 ಬಿಲಿಯನ್ ಡಾಲರ್ ಷೇರು, ಪೇಯ್ಡ್-ಇನ್ ಕ್ಯಾಪಿಟಲ್ ಏರಿದ್ದು 8.7 ಬಿಲಿಯನ್ ಮಾತ್ರ. ಉಳಿದದ್ದು ಎಲ್ಲಿ ಹೋಯ್ತು?

ಹೇಮಾವತಿ ದಂಡೆ, ಹಾಸನ

ಎಲ್ಲರಿಗೂ ನಮಸ್ಕಾರ. ಎಂ.ಕಾಂ ಕೊನೆಯ ವರ್ಷದ ಪ್ರಾಜೆಕ್ಟ್ ಮಾಡುತ್ತಿದ್ದೇನೆ, ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ಗೈಡ್ ಹೇಳಿದ್ದು ಇಷ್ಟೇ: ಒಂದು ಕಂಪನಿ ತಗೋ, ಅದರ ಬ್ಯಾಲೆನ್ಸ್ ಶೀಟಿನ ಒಂದೇ ಒಂದು ಸಾಲು ಹಿಡಿದು ಹಲವು ವರ್ಷ ಹಿಂಬಾಲಿಸು, ಯಾಕೆ ಏರಿತು ಯಾಕೆ ಇಳಿಯಿತು ಬರೆ. ಸಾಲಗಾಮೆ ರಸ್ತೆಯ ಎಂಸಿಎಫ್, ಅಂದ್ರೆ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರದ ಆಂಟೆನಾಗಳನ್ನು ನೋಡಿಕೊಂಡೇ ಬೆಳೆದವಳು ನಾನು, ಹಾಗಾಗಿ ಏರೋಸ್ಪೇಸ್ ಕಂಪನಿಯೇ ಬೇಕು ಅಂತ ಆಸೆ. ಇಸ್ರೋಗೆ ಷೇರೂ ಇಲ್ಲ, ಷೇರುದಾರರೂ ಇಲ್ಲ. ಅದಕ್ಕೆ ಬೋಯಿಂಗ್ ಹಿಡಿದೆ. ಸಾಲು: ಅಡಿಷನಲ್ ಪೇಯ್ಡ್-ಇನ್ ಕ್ಯಾಪಿಟಲ್. ಮುಖಬೆಲೆಗಿಂತ ಜಾಸ್ತಿ ಷೇರುದಾರರು ಕೊಟ್ಟ ಹಣ. ನಮ್ಮ ಕಡೆಯ ಸೆಕ್ಯುರಿಟೀಸ್ ಪ್ರೀಮಿಯಂ ಹೆಚ್ಚು ಕಡಿಮೆ ಇದೇ. ಮುಂದೆ ಎಪಿಐಸಿ ಅಂತ ಬರೆಯುತ್ತೇನೆ.

ವಾರ್ಷಿಕ ವರದಿಯಿಂದ ತೆಗೆದ ಅಂಕಿಗಳು, ಎಲ್ಲ ಡಿಸೆಂಬರ್ 31ಕ್ಕೆ, ಮಿಲಿಯನ್ ಡಾಲರಿನಲ್ಲಿ. 2018ಕ್ಕೆ 6,768. 2019ಕ್ಕೆ 6,745. 2020ಕ್ಕೆ 7,787. 2021ಕ್ಕೆ 9,052. 2022ಕ್ಕೆ 9,947. 2023ಕ್ಕೆ 10,309. ಆಮೇಲೆ 2024ಕ್ಕೆ ಒಮ್ಮೆಲೇ 18,964.

ಕೊನೆಯ ಜಿಗಿತಕ್ಕೆ ಕಾರಣ ಗೊತ್ತು. 2024ರ ಅಕ್ಟೋಬರ್ ಕೊನೆಯಲ್ಲಿ, ಕಾರ್ಮಿಕರ ಮುಷ್ಕರ ನಡೆಯುತ್ತಿದ್ದಾಗಲೇ, ಕಂಪನಿ ಷೇರು ಮಾರಿ ಹಣ ಎತ್ತಿತು. ಸಾಮಾನ್ಯ ಷೇರು 143 ಡಾಲರಿನಂತೆ 12.94 ಕೋಟಿ, ಅದರ ಜೊತೆ 5.75 ಬಿಲಿಯನ್ ಡಾಲರಿನ ಪ್ರಿಫರೆನ್ಸ್ ಷೇರು (ಡಿವಿಡೆಂಡಿನಲ್ಲಿ ಮೊದಲ ಹಕ್ಕು ಇರುವಂಥದ್ದು). ಒಟ್ಟು 24 ಬಿಲಿಯನ್ ದಾಟುತ್ತದೆ. ಸಾಮಾನ್ಯ ಷೇರಿನ ಮುಖಬೆಲೆ ಬರೀ 5 ಡಾಲರ್. ಅಂದ್ರೆ 143ರಲ್ಲಿ 138 ಎಪಿಐಸಿಗೆ ಹೋಗಬೇಕಿತ್ತು, ಅಲ್ವಾ? ಆದರೆ ಆ ಸಾಲು ಏರಿದ್ದು 8.7 ಬಿಲಿಯನ್ ಅಷ್ಟೇ. ಅದಕ್ಕಿಂತ ವಿಚಿತ್ರ ಅಂದ್ರೆ ಮುಖಬೆಲೆಯ ಮೊತ್ತ ಕೂರುವ ಕಾಮನ್ ಸ್ಟಾಕ್ ಸಾಲು. ಎಲ್ಲ ವರ್ಷವೂ 5,061. ಇಷ್ಟೊಂದು ಷೇರು ಮಾರಿದ ವರ್ಷವೂ ಅದು ಅಲುಗಾಡಿಲ್ಲ.

ಇನ್ನೊಂದು ಪ್ರಶ್ನೆ. 2020ರಿಂದ 2022ರವರೆಗೆ ಕಂಪನಿ ಮಾರುಕಟ್ಟೆಯಲ್ಲಿ ಹೊಸ ಷೇರು ಮಾರಿ ಹಣ ಎತ್ತಲಿಲ್ಲ. ಎತ್ತಿದ್ದೆಲ್ಲ ಸಾಲ. ಹಾಗಿದ್ದರೂ ಎಪಿಐಸಿ ವರ್ಷಕ್ಕೆ ಸುಮಾರು ಒಂದೊಂದು ಬಿಲಿಯನ್ ಏರಿದ್ದು ಹೇಗೆ?

ಲೆಡ್ಜರ್, ಬಿ.ಎಂ. ರಸ್ತೆ, ಹಾಸನ

ಪ್ರಶ್ನೆ ಚೆನ್ನಾಗಿದೆ ಕಣಮ್ಮ. ಹಣ ಎಲ್ಲೂ ಹೋಗಿಲ್ಲ. ಎಪಿಐಸಿ ಕೆಳಗಿನ ಸಾಲು ನೋಡು, ಟ್ರೆಷರಿ ಸ್ಟಾಕ್ ಅಂತ ಇರುತ್ತದೆ, ಕಂಪನಿ ವಾಪಸ್ ಕೊಂಡು ಇಟ್ಟುಕೊಂಡ ತನ್ನದೇ ಷೇರು. ಅದರ ಅಂಕಿ ಕಂಸದೊಳಗೆ, ಅಂದ್ರೆ ಕಳೆಯುವ ಮೊತ್ತ. 2023ರ ಕೊನೆಗೆ ಅದು ಕಳೆಯುವ 49,549. 2024ರ ಕೊನೆಗೆ ಕಳೆಯುವ 32,386. ಹದಿನೇಳು ಬಿಲಿಯನ್ ಅಲ್ಲಿ ಕರಗಿದೆ. ನೀನು ಹುಡುಕುತ್ತಿರುವ ಹಣ ಅದೇ.

ಕಥೆ ಹಿಂದಿನಿಂದ ಬರುತ್ತದೆ. ಬೋಯಿಂಗ್ 2013ರಿಂದ 2019ರ ಆರಂಭದವರೆಗೆ 40 ಬಿಲಿಯನ್ ಡಾಲರಿಗೂ ಹೆಚ್ಚು ಕೊಟ್ಟು ತನ್ನದೇ ಷೇರುಗಳನ್ನು ಮಾರುಕಟ್ಟೆಯಿಂದ ಕೊಂಡಿತು. ಅದರ 737 ಮ್ಯಾಕ್ಸ್ ವಿಮಾನಗಳು 2019ರ ಮಾರ್ಚ್‌ನಲ್ಲಿ ಹಾರಾಟ ನಿಷೇಧವಾಗಿ ನೆಲಕ್ಕಿಳಿದ ಮೇಲೆ ಈ ಬೈಬ್ಯಾಕ್, ಅಂದ್ರೆ ವಾಪಸ್ ಕೊಳ್ಳುವುದು, ನಿಂತಿತು. ಕೊಂಡ ಷೇರುಗಳನ್ನು ರದ್ದು ಮಾಡಲಿಲ್ಲ, ತನ್ನ ಹೆಸರಿನಲ್ಲೇ ಇಟ್ಟುಕೊಂಡಿತು. ಮುದ್ರಿಸಿದ ಒಟ್ಟು ಷೇರು 101.2 ಕೋಟಿ, ಗುಣಿಸು 5 ಡಾಲರ್, ಬಂತಾ ನಿನ್ನ 5,061? ಅದು ಬದಲಾಗಬೇಕಾದರೆ ಹೊಸ ಷೇರು ಮುದ್ರಿಸಬೇಕು. 2024ರಲ್ಲಿ ಹೊಸದು ಮುದ್ರಿಸಲೇ ಇಲ್ಲ. ಒಳಗೆ ಇಟ್ಟುಕೊಂಡಿದ್ದ ಷೇರುಗಳನ್ನೇ ತೆಗೆದು ಮಾರಿದರು.

ಈಗ ಲೆಕ್ಕ ಹಾಕು. 2023ರ ಕೊನೆಗೆ ಒಳಗಿದ್ದ ಷೇರು ಸುಮಾರು 40.27 ಕೋಟಿ. 49,549 ಮಿಲಿಯನ್ನನ್ನು ಅದರಿಂದ ಭಾಗಿಸಿದರೆ ಸರಾಸರಿ ಅಸಲು ಷೇರಿಗೆ 123 ಡಾಲರ್. ಮಾರಿದ್ದು 143ಕ್ಕೆ. 123 ಡಾಲರ್ ಟ್ರೆಷರಿ ಸಾಲಿಗೆ ವಾಪಸ್ ಹೋಗುತ್ತದೆ, ಮೇಲಿನ 20 ಡಾಲರ್ ಮಾತ್ರ ಎಪಿಐಸಿಗೆ. 12.94 ಕೋಟಿ ಷೇರಿಗೆ 20 ಡಾಲರಿನಂತೆ ಸುಮಾರು 2.6 ಬಿಲಿಯನ್. ಪ್ರಿಫರೆನ್ಸ್ ಷೇರಿನ ಮುಖಬೆಲೆ 1 ಡಾಲರ್, ಸಂಖ್ಯೆ 57.5 ಲಕ್ಷ, ಹಾಗಾಗಿ 6 ಮಿಲಿಯನ್ ಬೇರೆ ಸಾಲಿಗೆ ಹೋಗಿ ಉಳಿದ 5.74 ಬಿಲಿಯನ್ ಪೂರ್ತಿ ಎಪಿಐಸಿಗೆ. ಕೂಡಿಸಿದರೆ 8.3. ಅದರಲ್ಲಿ ಷೇರು ಮಾರಿಸಿಕೊಟ್ಟ ಬ್ಯಾಂಕುಗಳ ಕಮಿಷನ್ ಕಳೆ, ನೌಕರರ ಷೇರುಗಳಿಂದ ಬಂದದ್ದು ಕೂಡಿಸು, 8.7ರ ಹತ್ತಿರ ಬಂದು ನಿಲ್ಲುತ್ತೀಯ.

ಎರಡನೇ ಪ್ರಶ್ನೆಗೆ ಸಂಜೆ ಬರೆಯುತ್ತೇನೆ. ಆಡಿಟ್ ಸೀಸನ್, ಕ್ಲೈಂಟ್ ಕೂತಿದ್ದಾರೆ.

ಕೊಪ್ಪದ ಕಾಫಿ, ಚಿಕ್ಕಮಗಳೂರು ಜಿಲ್ಲೆ

ಲೆಡ್ಜರ್ ಸಾರ್, ಒಂದು ನಿಮಿಷ. ನಾನು ಕಾಳುಮೆಣಸು ಅಗ್ಗದಲ್ಲಿ ಕೊಂಡು ಅಟ್ಟದ ಮೇಲೆ ಇಟ್ಟು, ರೇಟು ಏರಿದಾಗ ಮಾರಿದರೆ ಮಧ್ಯದ ದುಡ್ಡು ಲಾಭ ತಾನೇ. ಇವರು 123ಕ್ಕೆ ಕೊಂಡು 143ಕ್ಕೆ ಮಾರಿದ್ದಾರೆ. ಅದು ಲಾಭ-ನಷ್ಟದ ಪಟ್ಟಿಗೆ ಯಾಕೆ ಹೋಗಲ್ಲ ಮಾರಾಯ್ರೇ? ಆ ವರ್ಷ 11.8 ಬಿಲಿಯನ್ ನಷ್ಟ ತೋರಿಸಿದ್ದಾರೆ, ಎರಡೂವರೆ ಬಿಲಿಯನ್ ಲಾಭ ಸೇರಿಸಿದ್ದರೆ ಮುಖ ಸ್ವಲ್ಪ ಉಳಿಯುತ್ತಿತ್ತು.

ನಾನು ಎಚ್ಎಎಲ್ ಷೇರು 2018ರ ಐಪಿಒದಿಂದಲೇ ಹಿಡಿದುಕೊಂಡವನು, ತಂಗೀ ನೀನು ಅದನ್ನೇ ಯಾಕೆ ತಗೊಳ್ಳಲಿಲ್ಲ? ಮನೆ ಬಾಗಿಲಲ್ಲೇ ಇದೆ. ಬೆಂಗಳೂರಿಗೆ ಹೋಗುವ ದಾರಿಯ ಗುಬ್ಬಿಯಲ್ಲಿ ಹೆಲಿಕಾಪ್ಟರ್ ಕಾರ್ಖಾನೆ, 2023ರಲ್ಲಿ ಉದ್ಘಾಟನೆ ಆಯ್ತು. ಅಮೆರಿಕಾದ ಕಂಪನಿ ಹಿಂದೆ ಬೀಳುವುದು ಯಾಕೆ ಅಂತ.

ಲೆಡ್ಜರ್, ಬಿ.ಎಂ. ರಸ್ತೆ, ಹಾಸನ

ಮೆಣಸು ಬೇರೆಯವರ ತೋಟದ್ದು, ಷೇರು ತನ್ನದೇ. ವ್ಯತ್ಯಾಸ ಅಷ್ಟೇ ಸಾರ್. ಕಂಪನಿ ತನ್ನ ಮಾಲೀಕರ ಜೊತೆಗೇ ಮಾಡುವ ಕೊಡು-ಕೊಳ್ಳುವಿಕೆಯಲ್ಲಿ ಲಾಭ ಅನ್ನುವುದೇ ಇಲ್ಲ. ಹಾಗೆ ಬಿಟ್ಟರೆ ಏನಾಗುತ್ತದೆ ಯೋಚಿಸಿ. ಷೇರು ಬಿದ್ದಾಗ ಕೊಂಡು, ಎದ್ದಾಗ ಮಾರಿ, ಒಂದು ವಿಮಾನವೂ ಕಟ್ಟದೆ ಲಾಭ ತೋರಿಸಬಹುದು. ಅದಕ್ಕೆ ಇಡೀ ವ್ಯವಹಾರ ಬಂಡವಾಳದ ಸಾಲುಗಳೊಳಗೇ ಮುಗಿಯಬೇಕು. ಅಸಲಿಗಿಂತ ಕಡಿಮೆಗೆ ಮಾರಿದರೂ ಅಷ್ಟೇ, ಆಗ ಎಪಿಐಸಿ ಇಳಿಯುತ್ತದೆ. ನೌಕರರು ಹಿಂದೆಯೇ ಗೊತ್ತುಮಾಡಿದ ಕಡಿಮೆ ಬೆಲೆಗೆ (ಆಪ್ಷನ್ ಬೆಲೆ) ಷೇರು ಪಡೆದಾಗ ಇದೇ ಆಗುವುದು. 2018, 2019ರಲ್ಲಿ ಸಾಲು ಒಂದೇ ಕಡೆ ನಿಂತಂತೆ ಕಾಣುತ್ತದಲ್ಲ, ಒಳಗೆ ಏರಿದ್ದೂ ಇದೆ ಇಳಿದದ್ದೂ ಇದೆ, ಎರಡೂ ಹೆಚ್ಚು ಕಡಿಮೆ ಸರಿಹೋಗಿವೆ.

ಎಚ್ಎಎಲ್ ವಿಷಯ. ನೀವು 2018ರಲ್ಲಿ ಷೇರಿಗೆ ಸಾವಿರದ ಇನ್ನೂರು ಚಿಲ್ಲರೆ ಕೊಟ್ಟಿರಲ್ಲ, ಅದರಲ್ಲಿ ಒಂದು ರೂಪಾಯಿಯೂ ಎಚ್ಎಎಲ್‌ಗೆ ಹೋಗಿಲ್ಲ. ಅದು ಪೂರ್ತಿ ಆಫರ್ ಫಾರ್ ಸೇಲ್. ಕೇಂದ್ರ ಸರ್ಕಾರ ತನ್ನ ಪಾಲು ಮಾರಿತು, ಹಣ ದೆಹಲಿಗೆ. ಕಂಪನಿಯ ಪುಸ್ತಕದಲ್ಲಿ ಮಾಲೀಕರ ಹೆಸರು ಬದಲಾಯಿತು, ಅಷ್ಟೇ. ಪ್ರೀಮಿಯಂ ಹುಟ್ಟಲಿಲ್ಲ. 2023ರಲ್ಲಿ 10 ರೂಪಾಯಿ ಷೇರನ್ನು 5ರ ಎರಡು ಮಾಡಿದರು, ಅದರಿಂದಲೂ ಮೊತ್ತ ಬದಲಾಗಲ್ಲ. ಈ ಹುಡುಗಿಗೆ ಬೇಕಾದ್ದು ಏರಿಳಿತ ಇರುವ ಸಾಲು, ಎಚ್ಎಎಲ್‌ನಲ್ಲಿ ಹಿಂಬಾಲಿಸಲು ಏನೂ ಸಿಗಲ್ಲ.

ಕರ್ನಾಟಕದ್ದೇ ಬೇಕು ಅಂದರೆ ಬೆಂಗಳೂರಿನ ಯೂನಿಮೆಕ್ ಏರೋಸ್ಪೇಸ್ ನೋಡು. 2024ರ ಡಿಸೆಂಬರ್ ಐಪಿಒ, ಬೆಲೆ 785, ಮುಖಬೆಲೆ 5. ಒಟ್ಟು 500 ಕೋಟಿ. ಅದರಲ್ಲಿ 250 ಹಳೆ ಷೇರುದಾರರ ಪಾಲು, ಅದು ಅವರ ಜೇಬಿಗೆ. ಉಳಿದ 250 ಕೋಟಿ ಹೊಸ ಷೇರು. ಅದರಲ್ಲಿ ಸುಮಾರು 1.6 ಕೋಟಿ ಷೇರು ಬಂಡವಾಳಕ್ಕೆ, 248 ಕೋಟಿಯಷ್ಟು ಪ್ರೀಮಿಯಂಗೆ, ಐಪಿಒ ಖರ್ಚು ಅದರಿಂದ ಕಳೆಯಬೇಕು. ಪೇಪರಿನವರು 500 ಕೋಟಿ ಸಂಗ್ರಹ ಅಂತ ದಪ್ಪಕ್ಷರದಲ್ಲಿ ಹಾಕುತ್ತಾರೆ, ಕಂಪನಿಗೆ ಬಂದದ್ದು ಅರ್ಧ.

ಹೇಮಾವತಿ ದಂಡೆ, ಹಾಸನ

ಸಾರ್, ಟ್ರೆಷರಿ ಲೆಕ್ಕ ಹಾಕಿ ನೋಡಿದೆ, ಸರಿಯಾಗಿ ಕೂತಿತು! ತುಂಬಾ ಥ್ಯಾಂಕ್ಸ್. ನಮ್ಮ ಪುಸ್ತಕದಲ್ಲಿ ಟ್ರೆಷರಿ ಷೇರಿನ ವಿಷಯ ಒಂದು ಪ್ಯಾರಾ ಕೂಡ ಇಲ್ಲ. ಭಾರತದಲ್ಲಿ ಇದು ಇಲ್ಲವೇ ಇಲ್ಲವಾ? 2020ರ ಏರಿಕೆ ಇನ್ನೂ ಬಾಕಿ ಇದೆ ಸಾರ್, ನೆನಪಿಸುತ್ತಿದ್ದೇನೆ ಅಷ್ಟೇ.

ಲೆಡ್ಜರ್, ಬಿ.ಎಂ. ರಸ್ತೆ, ಹಾಸನ

ಇಲ್ಲಿ ಬೈಬ್ಯಾಕ್ ಮಾಡಿದ ಷೇರನ್ನು ಕಂಪನಿ ಇಟ್ಟುಕೊಳ್ಳುವ ಹಾಗಿಲ್ಲ. ಬೈಬ್ಯಾಕ್ ಮುಗಿದ 7 ದಿನದೊಳಗೆ ನಾಶ ಮಾಡಬೇಕು, 2013ರ ಕಂಪನಿ ಕಾಯ್ದೆಯ ಸೆಕ್ಷನ್ 68. ಅದಕ್ಕೇ ನಿಮ್ಮ ಪುಸ್ತಕದಲ್ಲಿ ಇಲ್ಲ. ಪ್ರೀಮಿಯಂ ಹಣಕ್ಕೂ ಇಲ್ಲಿ ಬೀಗ ಇದೆ, ಸೆಕ್ಷನ್ 52. ಬೋನಸ್ ಷೇರು ಕೊಡಲು, ಷೇರು ಹೊರಡಿಸಿದ ಖರ್ಚು ಹೊಡೆದುಹಾಕಲು, ಬೈಬ್ಯಾಕ್‌ಗೆ, ಹೀಗೆ ಕೆಲವೇ ಕೆಲಸಕ್ಕೆ ಬಳಸಬಹುದು. ಡಿವಿಡೆಂಡ್ ಕೊಡಲು ಆಗಲ್ಲ.

ಈಗ 2020. ಆ ವರ್ಷ ಬೋಯಿಂಗ್ ತನ್ನ ಪೆನ್ಷನ್ ನಿಧಿಗೆ 3 ಬಿಲಿಯನ್ ಡಾಲರ್ ತುಂಬಿತು. ಕೋವಿಡ್, ಕೈಯಲ್ಲಿರುವ ಹಣ ಮುಟ್ಟಲು ಭಯ. ಹಾಗಾಗಿ ಹಣದ ಬದಲು ತನ್ನಲ್ಲಿದ್ದ ಷೇರುಗಳನ್ನೇ ನಿಧಿಗೆ ಕೊಟ್ಟಿತು. ಅಸಲಿನ ಭಾಗ, ಸುಮಾರು ಎರಡೂಕಾಲು ಬಿಲಿಯನ್, ಟ್ರೆಷರಿ ಸಾಲಿನಿಂದ ಇಳಿಯಿತು. ಮುಕ್ಕಾಲು ಬಿಲಿಯನ್ ಎಪಿಐಸಿಗೆ ಏರಿತು. ನಿನ್ನ ಒಂದು ಬಿಲಿಯನ್‌ನಲ್ಲಿ ಮುಕ್ಕಾಲು ಪಾಲು ಅಲ್ಲೇ ಸಿಕ್ಕಿತು ನೋಡು. ಒಂದು ಡಾಲರ್ ನಗದು ಬಂದಿಲ್ಲ. ನಗದು ಹರಿವಿನ ಪಟ್ಟಿಯಲ್ಲಿ ಷೇರು ಮಾರಿದ ಹಣ ಅಂತ ಹುಡುಕಿದರೂ ಸಿಗಲ್ಲ.

ಆಮೇಲೆ ನೌಕರರ ನಿವೃತ್ತಿ ಉಳಿತಾಯದ ಖಾತೆ, 401ಕೆ ಅಂತಾರಲ್ಲ, ಅದಕ್ಕೆ ಕಂಪನಿ ಹಾಕುವ ಪಾಲನ್ನೂ ಷೇರಿನಲ್ಲೇ ಕೊಡಲು ಶುರು ಮಾಡಿದರು. ಜೊತೆಗೆ 2020ರ ಡಿಸೆಂಬರಿನಲ್ಲಿ ಬಹುತೇಕ ನೌಕರರಿಗೆ ಒಂದು ಸಲದ ಷೇರು ಗ್ರಾಂಟ್ ಕೊಟ್ಟರು, ಮೂರು ವರ್ಷಕ್ಕೆ ಕೈಗೆ ಸಿಗುವಂಥದ್ದು. ಅದರ ವೆಚ್ಚ ಮುಂದಿನ ವರ್ಷಗಳಿಗೆ ಹಂಚಿಹೋಗುತ್ತದೆ. ಸಂಬಳದ ಖರ್ಚಿಗೆ ಡೆಬಿಟ್, ಎಪಿಐಸಿಗೆ ಕ್ರೆಡಿಟ್. 2021, 2022ರ ಏರಿಕೆ ಬಹುಪಾಲು ಇವೆರಡೇ. ಹಣ ಇಲ್ಲದ ಕಂಪನಿ ಷೇರನ್ನೇ ಸಂಬಳ, ಪೆನ್ಷನ್ ಅಂತ ಹಂಚುತ್ತಿದೆ ಅನ್ನುವುದು ಈ ಸಾಲಿನಲ್ಲಿ ಕಾಣುವಷ್ಟು ಚೆನ್ನಾಗಿ ಬೇರೆಲ್ಲೂ ಕಾಣಲ್ಲ. ನನಗೆ ಕೇಳಿದರೆ ನಿನ್ನ ಪ್ರಾಜೆಕ್ಟಿನ ಜೀವ ಇರುವುದು ಇಲ್ಲೇ. 2024ರ ಜಿಗಿತವನ್ನು ಯಾರು ಬೇಕಾದರೂ ಬರೆಯುತ್ತಾರೆ.

ಮೂಡಿಗೆರೆ ಮಳೆ

ಡೇಟಾ ಕಡೆಯಿಂದ ಎರಡು ಮಾತು. ಹೊಟ್ಟೆಪಾಡಿಗೆ ಇದೇ ಕೆಲಸ, ಈಗ ಮೂಡಿಗೆರೆಯಿಂದಲೇ ಮಾಡುತ್ತಿದ್ದೇನೆ, ಕರೆಂಟ್ ಇದ್ದಷ್ಟು ಹೊತ್ತು.

ಪಿಡಿಎಫ್ ತೆರೆದು ಒಂದೊಂದೇ ಅಂಕಿ ಬರೆದುಕೊಳ್ಳಬೇಡಿ. ಅಮೆರಿಕಾದ ಷೇರುಪೇಟೆ ನಿಯಂತ್ರಕ ಎಸ್ಇಸಿಯ ತಾಣ ಎಡ್ಗರ್‌ನಲ್ಲಿ ಪ್ರತಿ ಕಂಪನಿಗೂ ಒಂದು ಸಿಐಕೆ ಸಂಖ್ಯೆ ಇದೆ, ಬೋಯಿಂಗ್‌ದು 12927. ದೊಡ್ಡ ಕಂಪನಿಗಳು 2009ರಿಂದೀಚೆಗೆ ಎಕ್ಸ್‌ಬಿಆರ್‌ಎಲ್ ಟ್ಯಾಗ್, ಅಂದ್ರೆ ಪ್ರತಿ ಅಂಕಿಗೂ ಕಂಪ್ಯೂಟರ್ ಓದುವಂಥ ಗುರುತು, ಹಾಕಿಯೇ ವರದಿ ಸಲ್ಲಿಸುತ್ತವೆ, ಹಾಗಾಗಿ ಎಪಿಐಸಿ ಟ್ಯಾಗ್ ಕೇಳಿದರೆ ಅಷ್ಟೂ ವರ್ಷದ ಅಂಕಿ ಒಂದೇ ಫೈಲಿನಲ್ಲಿ ಉಚಿತವಾಗಿ ಬರುತ್ತದೆ. ಪೈಥಾನ್‌ನಿಂದ ಕೇಳುವುದಾದರೆ ಯೂಸರ್ ಏಜೆಂಟ್ ಜಾಗದಲ್ಲಿ ನಿಮ್ಮ ಹೆಸರು, ಮೇಲ್ ಹಾಕಿ, ಇಲ್ಲದಿದ್ದರೆ 403 ಅಂತ ಬಾಗಿಲು ಹಾಕುತ್ತಾರೆ.

ಫೈಲ್ ಬಂದ ಮೇಲೆ ಗಾಬರಿ ಬೇಡ. 2023ರ ಡಿಸೆಂಬರಿನ ಅಂಕಿ ಹಲವು ಸಲ ಇರುತ್ತದೆ. 2024ರ ಪ್ರತಿ ತ್ರೈಮಾಸಿಕ ವರದಿಯೂ ಹೋಲಿಕೆಗೆ ಅಂತ ಅದನ್ನೇ ಮತ್ತೆ ಮುದ್ರಿಸುತ್ತದಲ್ಲ, ಅದಕ್ಕೆ. ಅವಧಿ ಮುಗಿದ ದಿನಾಂಕ ಒಂದೇ ಇರುವ ಸಾಲುಗಳಲ್ಲಿ ಕೊನೆಗೆ ಸಲ್ಲಿಸಿದ್ದನ್ನು ಇಟ್ಟುಕೊಂಡು ಉಳಿದದ್ದು ತೆಗೆಯಿರಿ. ಕಂಪನಿ ಹಳೆ ಅಂಕಿ ತಿದ್ದಿದ್ದರೆ ಅದೂ ಹಾಗೇ ಸಿಗುತ್ತದೆ.

ದೊಡ್ಡ ತೊಂದರೆ ಎರಡನೇ ಕಂಪನಿಗೆ ಹೋದಾಗ ಬರುತ್ತದೆ. ಆರ್‌ಟಿಎಕ್ಸ್, ಅಂದ್ರೆ ಹಳೆಯ ರೇಥಿಯಾನ್ ಮತ್ತು ಯುನೈಟೆಡ್ ಟೆಕ್ನಾಲಜೀಸ್, ಎಪಿಐಸಿ ಸಾಲೇ ಬೇರೆ ತೋರಿಸಲ್ಲ. ಮುಖಬೆಲೆ, ಪ್ರೀಮಿಯಂ ಎರಡೂ ಸೇರಿಸಿ ಕಾಮನ್ ಸ್ಟಾಕ್ ಅಂತ ಒಂದೇ ಅಂಕಿ. 2020ರ ಏಪ್ರಿಲಿನಲ್ಲಿ ಎರಡು ಕಂಪನಿ ಷೇರು ವಿನಿಮಯದಿಂದ ಒಂದಾದಾಗ ಆ ಸಾಲು ದೊಡ್ಡದಾಗಿ ಜಿಗಿಯಿತು, ಅಲ್ಲೂ ಯಾರೂ ನಗದು ಕೊಡಲಿಲ್ಲ. ಲಾಕ್‌ಹೀಡ್ ಮಾರ್ಟಿನ್ ಇನ್ನೂ ಮಜಾ. ಅದರ ಎಪಿಐಸಿ 2019ರ ಕೊನೆಗೆ ಸೊನ್ನೆ! ಸೊನ್ನೆ ಅಂದ ಕೂಡಲೇ ಡೇಟಾ ಕೈಕೊಟ್ಟಿದೆ ಅಂತ ಆ ವರ್ಷವನ್ನೇ ಅಳಿಸಿಬಿಡುವವರಿದ್ದಾರೆ. ಡೇಟಾ ಸರಿಯಾಗಿಯೇ ಇದೆ. ಬೋಯಿಂಗ್ ಡೆಲವೇರ್ ರಾಜ್ಯದ ಕಂಪನಿ, ಲಾಕ್‌ಹೀಡ್ ಮೇರಿಲ್ಯಾಂಡಿನದು, ಮೇರಿಲ್ಯಾಂಡ್ ಕಾನೂನಿನಲ್ಲಿ ಟ್ರೆಷರಿ ಷೇರು ಇಲ್ಲ. ಬೈಬ್ಯಾಕ್ ಮಾಡಿದ ಷೇರಿನ ಮುಖಬೆಲೆ 1 ಡಾಲರ್ ಕಾಮನ್ ಸ್ಟಾಕಿನಿಂದ ಕಳೆಯುತ್ತಾರೆ, ಮೇಲಿನದ್ದನ್ನು ಎಪಿಐಸಿಯಿಂದ, ಅದು ಖಾಲಿಯಾದರೆ ಉಳಿದದ್ದನ್ನು ಕೂಡಿಟ್ಟ ಲಾಭದ ಸಾಲು, ರಿಟೇನ್ಡ್ ಅರ್ನಿಂಗ್ಸ್‌ನಿಂದ. ವರ್ಷ ವರ್ಷ ಬೈಬ್ಯಾಕ್ ಮಾಡುವ ಕಂಪನಿ, ಎಪಿಐಸಿ ತುಂಬುತ್ತದೆ, ಖಾಲಿಯಾಗುತ್ತದೆ. ಬೋಯಿಂಗ್ 10 ಬಿಲಿಯನ್, ಲಾಕ್‌ಹೀಡ್ ಸೊನ್ನೆ ಅಂತ ಪಕ್ಕ ಪಕ್ಕ ಗ್ರಾಫ್ ಹಾಕಿದರೆ ಅದಕ್ಕೆ ಅರ್ಥವೇ ಇಲ್ಲ.

ಹೊಸ ರಾಕೆಟ್ ಕಂಪನಿಗಳದ್ದು ಇನ್ನೊಂದು ತರ. ರಾಕೆಟ್ ಲ್ಯಾಬ್ 2021ರ ಆಗಸ್ಟಿನಲ್ಲಿ ಸ್ಪ್ಯಾಕ್ ದಾರಿಯಲ್ಲಿ, ಅಂದ್ರೆ ಮೊದಲೇ ಷೇರುಪೇಟೆಯಲ್ಲಿದ್ದ ಖಾಲಿ ಕಂಪನಿಯೊಂದರ ಜೊತೆ ಸೇರಿ, ಮಾರುಕಟ್ಟೆಗೆ ಬಂತು. ಮುಖಬೆಲೆ 0.0001 ಡಾಲರ್, ಹಾಗಾಗಿ ಬಂದ ಹಣ ಹೆಚ್ಚು ಕಡಿಮೆ ಪೂರ್ತಿ ಎಪಿಐಸಿ, 2022ರ ಕೊನೆಗೆ 100 ಕೋಟಿ ಡಾಲರ್ ದಾಟಿತ್ತು. ಅಂಥ ಕಂಪನಿಯಲ್ಲಿ ಈ ಸಾಲನ್ನು ಕೂಡಿಬಂದ ನಷ್ಟದ ಸಾಲಿನ ಜೊತೆ ಇಟ್ಟು ನೋಡಿದರೆ ಷೇರುದಾರರು ಕೊಟ್ಟದ್ದೆಷ್ಟು, ಸುಟ್ಟದ್ದೆಷ್ಟು ಅಂತ ನೇರವಾಗಿ ಕಾಣುತ್ತದೆ. ಅಲ್ಲಿ ಬೈಬ್ಯಾಕ್ ಗೋಜಲು ಇಲ್ಲ.

ಕೊಪ್ಪದ ಕಾಫಿ, ಚಿಕ್ಕಮಗಳೂರು ಜಿಲ್ಲೆ

ಅಂದ್ರೆ ನನ್ನ 2018ರ ದುಡ್ಡು ದೆಹಲಿಗೆ ಹೋಯ್ತು. ಸರಿ ಬಿಡಿ. ಷೇರು ಚೆನ್ನಾಗಿ ಏರಿದೆ, ನನಗೆ ಬೇಜಾರಿಲ್ಲ.

ಒಂದು ಅರ್ಥವಾಗಲಿಲ್ಲ. ಇಷ್ಟೆಲ್ಲ ಬಂಡವಾಳ ಬಂದ ಮೇಲೂ ಬೋಯಿಂಗ್‌ನ ಒಟ್ಟು ಈಕ್ವಿಟಿ, ಅಂದ್ರೆ ಷೇರುದಾರರ ಪಾಲು, 2024ರ ಕೊನೆಗೂ ಮೈನಸ್ ಇತ್ತು ಅಂತಾರಲ್ಲ, ಹೇಗೆ?

ಲೆಡ್ಜರ್, ಬಿ.ಎಂ. ರಸ್ತೆ, ಹಾಸನ

ಬೈಬ್ಯಾಕ್‌ಗೆ ಕೊಟ್ಟ ಹಣ ಕಳೆಯುವ ಸಾಲಿನಲ್ಲಿ ಕೂತಿದೆ, 2019ರಿಂದ 2024ರವರೆಗೆ ನಷ್ಟದ ಮೇಲೆ ನಷ್ಟ, ಪೆನ್ಷನ್ ಬಾಧ್ಯತೆಯ ಲೆಕ್ಕ ಬೇರೆ. 2023ರ ಕೊನೆಗೆ ಮೈನಸ್ 17.2 ಬಿಲಿಯನ್ ಇತ್ತು. ಅಕ್ಟೋಬರಿನ ಷೇರು ಮಾರಾಟದಿಂದ ಸುಮಾರು 24 ಸೇರಿತು, ಆ ವರ್ಷದ ನಷ್ಟ 11.8 ಹೋಯಿತು, ಚಿಲ್ಲರೆ ಬದಲಾವಣೆ ಸೇರಿ ಮೈನಸ್ 3.9ಕ್ಕೆ ಬಂದು ನಿಂತಿತು. ಎಪಿಐಸಿ ಒಂದನ್ನೇ ಹಿಡಿದರೆ ಷೇರುದಾರರು ಹಣ ಸುರಿಯುತ್ತಲೇ ಇದ್ದಾರೆ ಅನ್ನಿಸುತ್ತದೆ. ಟ್ರೆಷರಿ ಸಾಲು ಪಕ್ಕದಲ್ಲಿಟ್ಟರೆ, ಆರು ವರ್ಷ ಹಣವನ್ನು ಹೊರಗೆ ಸುರಿದದ್ದೂ ಇದೇ ಕಂಪನಿ ಅಂತ ಗೊತ್ತಾಗುತ್ತದೆ.

ಹೇಮಾವತಿ ದಂಡೆ, ಹಾಸನ

ಹಾಗಾದರೆ ಒಂದೇ ಗೆರೆಯ ಗ್ರಾಫ್ ಬಿಡುತ್ತೇನೆ. ಪ್ರತಿ ವರ್ಷಕ್ಕೂ ಆರಂಭದ ಮೊತ್ತ, ಸೇರಿದ್ದು, ಕಳೆದದ್ದು, ಕೊನೆಯ ಮೊತ್ತ ಅಂತ ಪಟ್ಟಿ ಮಾಡಿ, ಪಕ್ಕದಲ್ಲೇ ಟ್ರೆಷರಿಗೂ ಅದೇ ಪಟ್ಟಿ. ಗೈಡ್ ಒಂದೇ ಸಾಲು ಅಂದಿದ್ದರು, ಎರಡು ಆಗುತ್ತದೆ. ಒಪ್ಪಿಸುತ್ತೇನೆ. 2012ರಿಂದ ಶುರು ಮಾಡಿದರೆ ಬೈಬ್ಯಾಕ್‌ನ ಪೂರ್ತಿ ಕಾಲ ಬರುತ್ತದೆ, ಸರಿ ಅಲ್ವಾ ಸಾರ್?

ಲೆಡ್ಜರ್, ಬಿ.ಎಂ. ರಸ್ತೆ, ಹಾಸನ

ಮಾಡು, ಚೆನ್ನಾಗಿರುತ್ತದೆ. ಅಂಕಿಗಳನ್ನು ಬ್ಯಾಲೆನ್ಸ್ ಶೀಟಿನಿಂದಲ್ಲ, ಈಕ್ವಿಟಿ ಬದಲಾವಣೆಯ ಪಟ್ಟಿಯಿಂದ ತಗೋ. ಪೆನ್ಷನ್‌ಗೆ ಕೊಟ್ಟದ್ದು, 401ಕೆಗೆ ಕೊಟ್ಟದ್ದು, ಷೇರು ವೇತನ, ಎಲ್ಲ ಅಲ್ಲಿ ಬೇರೆ ಬೇರೆ ಸಾಲಾಗಿ ಸಿಗುತ್ತವೆ. ಆದರೆ ಹಳೆಯ ವರ್ಷಗಳಿಗೆ ಹೋದಾಗ ಒಂದು ಟಿಪ್ಪಣಿ ಹಾಕಲೇಬೇಕು. ನೌಕರರ ಷೇರು ವೇತನದಿಂದ ಸಿಗುವ ಹೆಚ್ಚುವರಿ ತೆರಿಗೆ ಲಾಭ ಆಗ ಎಪಿಐಸಿಗೆ ಹೋಗುತ್ತಿತ್ತು. ಅಮೆರಿಕಾದ ಲೆಕ್ಕದ ನಿಯಮ ಬದಲಾಗಿ ಆಮೇಲೆ ಅದು ಆದಾಯ ತೆರಿಗೆಯ ಸಾಲಿಗೆ ಹೋಯಿತು. ಹಾಗಾಗಿ ಬೋಯಿಂಗ್ ಆ ನಿಯಮ ಯಾವ ವರ್ಷದಿಂದ ಅಳವಡಿಸಿಕೊಂಡಿತು ಅಂತ ವರದಿಯಲ್ಲಿ ನೋಡಿ, ಪಟ್ಟಿಯಲ್ಲಿ ಅಲ್ಲಿ ಒಂದು ಗೆರೆ ಎಳೆ, ಎರಡೂ ಕಡೆಯ ಏರಿಕೆಯನ್ನು ನೇರವಾಗಿ ಹೋಲಿಸಬೇಡ. ವೈವಾದಲ್ಲಿ ಅದನ್ನೇ ಕೇಳುವವರು ಇರುತ್ತಾರೆ.